ನಗುವುದನ್ನು ಕಲಿತ ಸೂಪರಿಂಟೆಂಡೆಂಟರು

ನಮ್ಮ ಹಳೆಯ ಸೂಪರಿಂಟೆಂಡೆಂಟರು ತೀರಿಕೊಂಡ ಸುದ್ದಿ ಬಂದ ದಿನ ಕಚೇರಿಯಲ್ಲಿ ಎಲ್ಲರೂ ಎದ್ದು ನಿಂತು ಮೌನ ಆಚರಿಸಿದೆವು. ಆಮೇಲೆ ಹಳಬರೆಲ್ಲ ಒಂದೊಂದು ಮಾತು ಆಡಿದರು. ಶಿಸ್ತು ಅಂದರೆ ಅವರದು, ಟೈಮು ಅಂದರೆ ಅವರದು, ಒಂದು ಕಪ್ ಚಹಾವನ್ನೂ ಪುಕ್ಕಟೆ ಕುಡಿದವರಲ್ಲ, ಹೀಗೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು, ಅವರನ್ನು ಒಮ್ಮೆಯೂ ಕಂಡವಳಲ್ಲ, ನನ್ನ ಕಡೆ ಬಾಗಿ, "ಅಷ್ಟು ಸ್ಟ್ರಿಕ್ಟ್ ಇದ್ರೇನ್ರಿ ಸಾರ್?" ಎಂದು ಕೇಳಿದಳು.

"ಸ್ಟ್ರಿಕ್ಟ್ ಅಲ್ಲಮ್ಮಾ. ಅವರಿಗೆ ನಗಾಕ ಬರ್ತಿದ್ದಿಲ್ಲ" ಅಂದೆ.

ಆಕೆ ತಮಾಷೆ ಅಂದುಕೊಂಡಳು. ನಾನು ಇದ್ದದ್ದನ್ನೇ ಹೇಳಿದ್ದೆ. ಕೆಲವರಿಗೆ ಈಜು ಬರುವುದಿಲ್ಲ, ಕೆಲವರಿಗೆ ಸೈಕಲ್ ಬರುವುದಿಲ್ಲ. ಅವರಿಗೆ ನಗು ಬರುತ್ತಿರಲಿಲ್ಲ. ನಿವೃತ್ತಿ ಹತ್ತಿರ ಬಂದಾಗ ಅವರು ಅದನ್ನು ಕಲಿಯಲು ಕೂತರು, ಡಾಕ್ಟರ ಅಪ್ಪಣೆಯ ಮೇಲೆ.

ಆದೋನಿಯಲ್ಲಿ ನಮ್ಮದೊಂದು ಸರ್ಕಾರಿ ಕಚೇರಿ. ದನ, ಕುರಿಗಳ ಲೆಕ್ಕ ಇಡುವುದು ನಮ್ಮ ಕೆಲಸ. ಅಲ್ಲಿ ಕಾಗದಪತ್ರ ತೆಲುಗಿನಲ್ಲಿ, ಜಗಳ ಕನ್ನಡದಲ್ಲಿ, ಚಹಾ ತರಿಸುವುದು ಎರಡರಲ್ಲೂ ನಡೆಯುತ್ತದೆ. ನಾನು ಪೆದ್ದಕಡುಬೂರಿನ ಕಡೆಯವನು, ಕುರಿ ಕಾಯುವವರ ಮನೆಯ ಹುಡುಗ. ಓದಿ, ಪರೀಕ್ಷೆ ಬರೆದು ಜೂನಿಯರ್ ಅಸಿಸ್ಟೆಂಟ್ ಆಗಿ ಅಲ್ಲಿಗೆ ಬಂದಿದ್ದೆ. ನನ್ನ ಮೇಜು ಸೂಪರಿಂಟೆಂಡೆಂಟರ ಮೇಜಿಗೆ ಎದುರಾಗಿತ್ತು. ಹಾಗಾಗಿ ಅವರ ಮುಖವನ್ನು ನನ್ನಷ್ಟು ನೋಡಿದವರು ಇನ್ನೊಬ್ಬರಿಲ್ಲ.

ಎತ್ತರದ ಮನುಷ್ಯ. ಹಣೆಯ ಮೇಲೆ ಅಂಗಾರ, ಅಕ್ಷತೆ. ತುಂಬುತೋಳಿನ ಬಿಳಿ ಅಂಗಿ. ಮುಖ ಮಾತ್ರ ಬಾಗಿಲು ಹಾಕಿದ ಬ್ಯಾಂಕಿನ ಹಾಗೆ. ಅದು ಸಿಟ್ಟಿನ ಮುಖವಾಗಿರಲಿಲ್ಲ. ಅವರು ಯಾರ ಮೇಲೂ ದನಿ ಎತ್ತಿದ್ದನ್ನು ನಾನು ಕೇಳಿಲ್ಲ. ಆದರೂ ಅವರು ವರಾಂಡಕ್ಕೆ ಕಾಲಿಟ್ಟರೆ ಅಲ್ಲಿನ ಮಾತು ತಾನಾಗಿ ನಿಂತುಹೋಗುತ್ತಿತ್ತು. ಯಾರಾದರೂ ಜೋಕು ಹೇಳಿ ಎಲ್ಲರೂ ನಗುತ್ತಿದ್ದರೆ ಹತ್ತಿರ ಬಂದು, "ಏನಾತ್ರಿ?" ಎಂದು ಕೇಳುವರು. ಆಗ ಆ ಜೋಕನ್ನು ಮೊದಲಿನಿಂದ, ನಿಧಾನವಾಗಿ, ಮೇಲಿನವರಿಗೆ ವರದಿ ಒಪ್ಪಿಸುವಂತೆ ಹೇಳಬೇಕು. ಹಾಗೆ ಹೇಳಿ ಮುಗಿಸುವಷ್ಟರಲ್ಲಿ ಹೇಳಿದವನಿಗೇ ಅದರ ಮೇಲೆ ಬೇಸರ ಹುಟ್ಟಿರುತ್ತಿತ್ತು. ಅವರು ಪೂರ್ತಿ ಕೇಳಿ, ತಲೆಯಾಡಿಸಿ, "ಹೌದೇನು?" ಎಂದು ಒಳಗೆ ಹೋಗುವರು.

ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದರಂತೆ. ಪರದೆಯ ಮೇಲೆ ಒಬ್ಬ ಬಾಳೆಹಣ್ಣಿನ ಸಿಪ್ಪೆಯ ಮೇಲೆ ಜಾರಿ, ಮೊಸರಿನ ಗಡಿಗೆಯೊಳಗೆ ಬಿದ್ದ. ಟಾಕೀಸಿಗೆ ಟಾಕೀಸೇ ಬಿದ್ದು ಬಿದ್ದು ನಗುತ್ತಿದ್ದಾಗ ಇವರು, "ಆ ಮನುಷ್ಯಾಗ ಸೊಂಟಕ್ಕ ಪೆಟ್ಟಾಗಿರಬೇಕಲ್ಲ?" ಎಂದು ಕೇಳಿದರಂತೆ. ಇದನ್ನು ಅವರೇ ನನಗೆ ಹೇಳಿದ್ದು. ಕೇಳಿ ನಾನು ನಕ್ಕೆ. ಯಾಕೆ ನಕ್ಕೆ ಅನ್ನುವುದು ಅವರಿಗೆ ತಿಳಿಯಲಿಲ್ಲ.

ಭಾನುವಾರವೆಂದರೆ ಅವರ ಪಾಲಿಗೆ ಬೀಗ ಹಾಕಿದ ಕಚೇರಿ, ಅಷ್ಟೆ. ಬೆಳಿಗ್ಗೆ ಫ್ಯಾನಿನ ರೆಕ್ಕೆ ಒರೆಸುವರು, ಮಧ್ಯಾಹ್ನ ಹಳೆಯ ಪೇಪರುಗಳನ್ನು ಒಪ್ಪವಾಗಿ ಜೋಡಿಸುವರು, ಸಂಜೆ ಸೋಮವಾರಕ್ಕೆ ಕಾಯುವರು.

ಅಷ್ಟರಲ್ಲಿ ನಮಗೆ ಹೊಸ ಆಫೀಸರ್ ಮೇಡಂ ಬಂದರು. ಕರಾವಳಿ ಕಡೆಯ ಚುರುಕಿನ ಹೆಣ್ಣುಮಗಳು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಬಂದ ವಾರವೇ ಒಂದು ವಾಟ್ಸಾಪ್ ಗ್ರೂಪ್ ಮಾಡಿ ಎಲ್ಲರನ್ನೂ ಅದರೊಳಗೆ ಸೇರಿಸಿದರು. ಅಲ್ಲಿಯವರೆಗೆ ಗುಂಡಿ ಒತ್ತುವ ಫೋನಿನಲ್ಲೇ ಸುಖವಾಗಿದ್ದ ನಮ್ಮ ಸೂಪರಿಂಟೆಂಡೆಂಟರು ಹೊಸ ಮೊಬೈಲ್ ಕೊಳ್ಳಬೇಕಾಯಿತು. ಮೇಡಂ ಮೆಸೇಜುಗಳು ಊಟದ ಹೊತ್ತು, ಪೂಜೆಯ ಹೊತ್ತು ಎನ್ನದೆ ಬರತೊಡಗಿದವು. ಅಂಗಿಯ ಜೇಬು ಗುರ್ರೆಂದರೆ ಸಾಕು, ಸೂಪರಿಂಟೆಂಡೆಂಟರು ಕುರ್ಚಿಯಿಂದ ಎದ್ದು ನಿಂತು ಓದುವರು. ಮೇಲಿನವರ ಮಾತನ್ನು ಕೂತು ಕೇಳುವುದು ಅವರಿಗೆ ಗೊತ್ತಿಲ್ಲ. ಒಂದು ದಿನ ಹಾಗೆ ಎದ್ದವರು ಹಾಗೆಯೇ ಕುಸಿದು ಕೂತರು. ಹಣೆಯ ಅಕ್ಷತೆ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿಯಿತು. ನಾನು ಬೈಕಿನ ಹಿಂದೆ ಕೂಡಿಸಿಕೊಂಡು ಡಾಕ್ಟರ ಹತ್ತಿರ ಕರೆದೊಯ್ದೆ.

ಡಾಕ್ಟರು ಬಿ.ಪಿ. ನೋಡಿ ಹುಬ್ಬೇರಿಸಿದರು. ಮಾತ್ರೆ ಬರೆದರು. ಉಪ್ಪು ಕಡಿಮೆ ಮಾಡಿ ಅಂದರು. ಆಮೇಲೆ ಅವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಸಾರ್, ಮಾತ್ರಿ ಒಂದಾ ಸಾಲಂಗಿಲ್ಲ. ಮನಸು ಹಗುರ ಮಾಡ್ಕೋರಿ. ಮೊಬೈಲ್ನ್ಯಾಗ ಬರೇ ಆಫೀಸಂದಾ ನೋಡ್ತೀರಿ. ಏನಾರ ಕಾಮಿಡಿ ನೋಡ್ರಿ. ದಿನಾ ಹತ್ತು ನಿಮಿಷ ಚೆಂದಗ ನಗ್ರಿ" ಅಂದರು.

ಸೂಪರಿಂಟೆಂಡೆಂಟರು ಸ್ವಲ್ಪ ಯೋಚಿಸಿ ಕೇಳಿದರು: "ಊಟಕ್ಕ ಮೊದಲೋ, ಆಮ್ಯಾಲೋ?"

ಡಾಕ್ಟರು ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. "ಮೊದಲಾ ನಗ್ರಿ" ಅಂದರು ಡಾಕ್ಟರು.

"ಅದನ್ನೂ ಚೀಟಿಯೊಳಗ ಬರದುಕೊಡ್ರಿ" ಅಂದರು ಇವರು. ಡಾಕ್ಟರು ಬರೆದುಕೊಟ್ಟರು. ಹೊರಡುವಾಗ, "ಹೆಂಗ ನಡದೈತಿ ಅಂತ ನನಗ ವಾಟ್ಸಾಪ್ ಮಾಡ್ತಿರ್ರಿ" ಎಂದು ಒಂದು ಮಾತು ಸೇರಿಸಿದರು. ಆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವುದು ಪಾಪ ಅವರಿಗೇನು ಗೊತ್ತು.

ಮರುದಿನದಿಂದ ಊಟದ ಬಿಡುವಿನಲ್ಲಿ ನನ್ನ ಪಾಠ ಶುರುವಾಯಿತು. ಒಳ್ಳೊಳ್ಳೆ ಕಾಮಿಡಿ ವಿಡಿಯೋ ಹುಡುಕಿ ಹಚ್ಚಿಕೊಡುತ್ತಿದ್ದೆ. ಅವರು ಕನ್ನಡಕ ಏರಿಸಿ, ತಪ್ಪು ಹುಡುಕುವವರ ಹಾಗೆ ನೋಡುವರು. ನಡುವೆ ನಿಲ್ಲಿಸಿ, "ಇಲ್ಲಿ ಯಾಕ ನಗಬೇಕು?" ಎಂದು ಕೇಳುವರು.

"ಸಾರ್, ಆತ ಮಾವನ್ನ ಕಳ್ಳ ಅಂದ್ಕೊಂಡು ಹೊಡೀತಾನ್ರಿ."

"ಮಾವ ಅಂತ ಹೇಳಬೇಕಿಲ್ಲೋ ಇವ?"

"ಬಾಯಾಗ ಬಟ್ಟಿ ತುರುಕ್ಯಾರಲ್ರಿ."

"ಹಂಗಾರ ಪಾಪ ಅವಂದು ತಪ್ಪಿಲ್ಲ" ಎಂದು ಮುಂದಕ್ಕೆ ಓಡಿಸುವರು. ಒಂದು ವಾರದಲ್ಲಿ ಅವರು ಒಮ್ಮೆಯೂ ನಗಲಿಲ್ಲ. ನನಗೆ ಮಾತ್ರ ಆ ವಿಡಿಯೋಗಳಲ್ಲಿ ಏಟು ತಿಂದವರ ಬಗ್ಗೆ ಕನಿಕರ ಹುಟ್ಟಿ, ಕಾಮಿಡಿ ನೋಡುವ ಸುಖವೇ ಹಾಳಾಯಿತು.

ಕೊನೆಗೆ ಯಾವುದೋ ಊರಿನ ಪಾರ್ಕಿನಲ್ಲಿ ಮುದುಕರೆಲ್ಲ ಸಾಲಾಗಿ ನಿಂತು, ಕೈ ಮೇಲೆತ್ತಿ, ಸುಮ್ಮನೆ ನಗುವ ವಿಡಿಯೋ ಒಂದು ಸಿಕ್ಕಿತು. ನಗುವಿನ ವ್ಯಾಯಾಮ. ಅದನ್ನು ತೋರಿಸಿದಾಗ ಅವರ ಮುಖದಲ್ಲಿ ಮೊದಲ ಬಾರಿಗೆ ಒಂದು ನಿರಾಳ ಕಂಡಿತು. "ಇದು ಚೊಲೊ ಅದ ನೋಡಪಾ. ಇದಕ್ಕ ಕಾರಣ ಬೇಕಿಲ್ಲ" ಅಂದರು.

ಮಧ್ಯಾಹ್ನ ರೆಕಾರ್ಡು ರೂಮಿನ ಬಾಗಿಲು ಹಾಕಿಕೊಂಡು ಅಭ್ಯಾಸಕ್ಕೆ ಇಳಿದರು. ಮೊದಲು ಸಣ್ಣ ನಗೆ, ಆಮೇಲೆ ಹೊಟ್ಟೆ ನಗೆ, ಕೊನೆಗೆ ಕೈ ಎತ್ತಿ ನಗುವ ಸಿಂಹ ನಗೆ. ಹ, ಹ, ಹ. ಹೋ, ಹೋ, ಹೋ. ಪ್ರತಿ 'ಹ'ಕ್ಕೂ ನಡುವೆ ಸಮನಾದ ಅಂತರ. ಕಸ ಗುಡಿಸುವ ನಮ್ಮ ಈರಮ್ಮ ಮೊದಲ ದಿನ ಅದನ್ನು ಕೇಳಿ ಪೊರಕೆ ಬಿಸಾಕಿ ಓಡಿಬಂದಳು. "ಯಣ್ಣಾ, ಒಳಗ ಸಾರ್ಗೆ ಏನೋ ಆಗೇತಿ ಬರ್ರಿ! ಅಳಾಕ ಹತ್ಯಾರೋ, ಯಾರನ್ನಾರ ಹೊಡಿಯಾಕ ಹತ್ಯಾರೋ ತಿಳಿವಲ್ದು!" ನಾನು ವಿಷಯ ಹೇಳಿ ಸಮಾಧಾನ ಮಾಡಿದೆ. ಆಕೆ ನಂಬಲಿಲ್ಲ. ಎರಡನೆಯ ದಿನ ಬಾಗಿಲಿಗೆ ನಿಂಬೆಹಣ್ಣು ಕಟ್ಟಿದಳು.

ಡಾಕ್ಟರು ತಿಳಿಸಿ ಅಂದಿದ್ದರಲ್ಲ, ಸೂಪರಿಂಟೆಂಡೆಂಟರು ದಿನದ ನಗುವನ್ನು ಮೊಬೈಲಿನಲ್ಲಿ ರೆಕಾರ್ಡು ಮಾಡಿ ಅವರಿಗೆ ಕಳಿಸತೊಡಗಿದರು. ಡಾಕ್ಟರು ಉತ್ತರಕ್ಕೆ ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗುವರು. ಒಂದು ಶುಕ್ರವಾರ ಸಂಜೆ ನಾನು ಮನೆಗೆ ಹೋಗಿ ಚಹಾ ಕುಡಿಯುತ್ತಿದ್ದೆ. ಗ್ರೂಪಿನಲ್ಲಿ ಮೇಡಂ ಮೆಸೇಜು ಬಂತು: ಕೆಲಸ ಹಿಂದೆ ಬಿದ್ದಿರುವುದರಿಂದ ಶನಿವಾರ, ಭಾನುವಾರ ಎಲ್ಲರೂ ಬರತಕ್ಕದ್ದು, ಯಾರಿಗೂ ರಜೆ ಇಲ್ಲ. ಗ್ರೂಪು ಗಪ್‌ಚುಪ್. ಅಷ್ಟರಲ್ಲಿ ಅದರ ಕೆಳಗೆ ಸೂಪರಿಂಟೆಂಡೆಂಟರಿಂದ ಒಂದು ಆಡಿಯೋ ಬಂದು ಬಿತ್ತು. ಒತ್ತಿದೆ. ಹ, ಹ, ಹ. ಹೋ, ಹೋ, ಹೋ. ಸಿಂಹ ನಗೆಯೂ ಬಂತು. ಕೊನೆಗೆ ಗಂಭೀರ ದನಿಯಲ್ಲಿ, "ಇವತ್ತಿನದು ಇಷ್ಟು."

ನನ್ನ ಕೈಯ ಚಹಾ ಅಂಗಿಯ ಮೇಲಾಯಿತು. ಕೂಡಲೇ ಫೋನು ಮಾಡಿದೆ. "ಸಾರ್, ಡಾಕ್ಟರಿಗೆ ಕಳಸೋದು ಗ್ರೂಪಿಗೆ ಕಳಿಸೀರಿ. ಈಗಿಂದೀಗ ಡಿಲೀಟ್ ಮಾಡ್ರಿ. ಮೇಡಂ ಕೇಳಿರಲಿಕ್ಕಿಲ್ಲ."

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಆಫೀಸಿಗೆ ಒಮ್ಮೆ ಹೋದ ಟಪಾಲು ವಾಪಸ್ ತಗೊಂಡು ಹರಿಯೋದು ತಪ್ಪಪಾ. ನಾ ಹಂಗ ಎಂದೂ ಮಾಡಿಲ್ಲ" ಅಂದರು.

ಶನಿವಾರ ಬೆಳಿಗ್ಗೆ ಅವರು ಕಚೇರಿಗೆ ಬಂದಾಗ ಜನರೆಲ್ಲ ಎದ್ದು ನಿಂತರು. ರಜೆ ಕಳೆದುಕೊಂಡವರ ಕಣ್ಣಿಗೆ ಅವರು ಬಂಡಾಯದ ನಾಯಕರಾಗಿದ್ದರು. ಯೂನಿಯನ್ನಿನ ಒಬ್ಬರು ಎರಡೂ ಕೈಯಿಂದ ಅವರ ಕೈ ಹಿಡಿದು, "ಸಾರ್, ನಮ್ಮ ಎದಿಯಾಗಿದ್ದದ್ದು ನೀವು ನಕ್ಕುಬಿಟ್ರಿ" ಅಂದರು. ಅವರು "ಹೌದೇನು?" ಅಂದರು.

ಮೇಡಂ ಕರೆಸಿದರು. ಸಾಕ್ಷಿಗೆಂದು ಸೂಪರಿಂಟೆಂಡೆಂಟರು ನನ್ನನ್ನೂ ಜೊತೆಗೆ ಕರೆದುಕೊಂಡರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಅದರಾಚೆ ಇಡೀ ಕಚೇರಿ ಕಿವಿಗೊಟ್ಟು ನಿಂತಿತ್ತು. ಇನ್ನೇನು ನಿವೃತ್ತಿಯಾಗುವ ಮನುಷ್ಯ. ಕಪ್ಪು ಚುಕ್ಕೆ ಇಲ್ಲದ ನೌಕರಿ. ಮೇಡಂ ಮನಸ್ಸು ಮಾಡಿದರೆ ಮೇಲಿನವರಿಗೆ ಬರೆದು ಸಸ್ಪೆಂಡ್ ಮಾಡಿಸಬಹುದಿತ್ತು.

"ನಾ ಮೆಸೇಜ್ ಚೂಸಿ ನವ್ವುತಾರಾ?" ನನ್ನ ಮೆಸೇಜು ನೋಡಿ ನಗುತ್ತೀರಾ ಎಂದು ತೆಲುಗಿನಲ್ಲಿ ಗುಡುಗಿದರು ಮೇಡಂ.

"ಕಾದಮ್ಮಾ. ಡಾಕ್ಟರ್‌ಗಾರು ನವ್ವಮನ್ನಾರು" ಅಲ್ಲಮ್ಮಾ, ಡಾಕ್ಟರು ನಗಲು ಹೇಳಿದ್ದಾರೆ ಎಂದು ಇವರು ಡಾಕ್ಟರ ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಬಿ.ಪಿ. ಮಾತ್ರೆಯ ಕೆಳಗೆ, ಊಟಕ್ಕೆ ಮೊದಲು ಹತ್ತು ನಿಮಿಷ ನಗುವುದು ಎಂದು ಸ್ಪಷ್ಟವಾಗಿ ಬರೆದಿತ್ತು. ಮೇಡಂ ಎರಡು ಸಲ ಓದಿದರು. ನಂಬಲೋ ಬೇಡವೋ ಎಂಬಂತೆ, "ಸರೇ, ನವ್ವಂಡಿ, ಚೂದ್ದಾಂ" ಅಂದರು. ನಗಿ, ನೋಡೋಣ.

ಸೂಪರಿಂಟೆಂಡೆಂಟರು ಕನ್ನಡಕ ತೆಗೆದು ಜೇಬಿಗಿಟ್ಟರು. ಕಾಲು ಜೋಡಿಸಿ ನಿಂತರು. ಶುರು ಮಾಡಿದರು. ಸಣ್ಣ ನಗೆ ಮುಗಿಯುವವರೆಗೆ ಮೇಡಂ ಹೇಗೋ ತಡೆದುಕೊಂಡರು. ಹೊಟ್ಟೆ ನಗೆಗೆ ತುಟಿ ಕಚ್ಚಿಕೊಂಡರು. ಸೂಪರಿಂಟೆಂಡೆಂಟರು ಎರಡೂ ಕೈ ಮೇಲೆತ್ತಿ, ಮುಖದ ಒಂದು ಗೆರೆಯೂ ಅಲುಗದಂತೆ, ಫ್ಯಾನಿನ ಕಡೆ ನೋಡುತ್ತ ಸಿಂಹ ನಗೆಗೆ ಬಂದಾಗ ಮೇಡಂ ಮೇಜಿನ ಮೇಲೆ ತಲೆಯಿಟ್ಟುಬಿಟ್ಟರು. ಭುಜ ಕುಣಿಯುತ್ತಿದ್ದವು. ಬಾಗಿಲಾಚೆ ಯಾರೋ ಕುಸಿದುಬಿದ್ದ ಸದ್ದಾಯಿತು. ಯೂನಿಯನ್ನಿನವರು ಅಳುತ್ತಿದ್ದಾರೋ ನಗುತ್ತಿದ್ದಾರೋ ಗೊತ್ತಾಗದಂಥ ದನಿ ತೆಗೆದರು. ನಾನು ಗೋಡೆ ಹಿಡಿದುಕೊಂಡೆ. ಇಡೀ ಕಟ್ಟಡದಲ್ಲಿ ನಗದೆ ಉಳಿದವರು ಅವರೊಬ್ಬರೇ. ಕೈ ಕೆಳಗಿಳಿಸಿ, ಕನ್ನಡಕ ಹಾಕಿಕೊಂಡು, ಎಲ್ಲರದೂ ಮುಗಿಯಲಿ ಎಂದು ಕಾದು ನಿಂತರು.

ಮೇಡಂ ಕಣ್ಣೊರೆಸಿಕೊಂಡು ತಲೆಯೆತ್ತಿದರು. ಅವರ ಮುಖ ನೋಡಿದ ಕೂಡಲೇ ಮೇಡಂ ನಗು ನಿಂತಿತು. "ಮೀಕು ನಿಜಂಗಾ ನವ್ವು ರಾದಾಂಡಿ?" ಎಂದು ಮೆಲ್ಲಗೆ ಕೇಳಿದರು. ನಿಮಗೆ ನಿಜಕ್ಕೂ ನಗು ಬರುವುದಿಲ್ಲವೇ?

"ರಾದಮ್ಮಾ" ಅಂದರು ಇವರು. ಬರುವುದಿಲ್ಲಮ್ಮಾ.

ಭಾನುವಾರದ ಕೆಲಸ ರದ್ದಾಯಿತು. ಸಂಜೆ ಎಲ್ಲರೂ ಹೋದ ಮೇಲೆ ವರಾಂಡದಲ್ಲಿ ಅವರು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ, "ಸಾರ್, ಸಣ್ಣವರಿದ್ದಾಗಿಂದ್ಲೂ ಹಿಂಗಾ ಏನ್ರಿ?" ಎಂದು ಕೇಳಿದೆ.

"ನಗಬಾರದು ಅಂತೇನಿಲ್ಲಪಾ" ಅಂದರು. "ಎಲ್ಲಾರೂ ನಗೋ ಹೊತ್ತಿನ್ಯಾಗ ನಾ ಇನ್ನೂ ಅರ್ಥ ಮಾಡ್ಕೊಳ್ಳಿಕ್ಕೆ ಹತ್ತಿರ್ತೀನಿ. ನನಗ ಅರ್ಥ ಆಗೋದ್ರೊಳಗ ಅವರು ಸುಮ್ಮನಾಗಿರ್ತಾರ. ಆವಾಗ ಒಬ್ಬನಾ ಹೆಂಗ ನಗೋದು?" ಇನ್ನೊಂದು ಚಪ್ಪಲಿಗೆ ಕಾಲು ತೂರಿಸಿ ಮತ್ತೆ ಅಂದರು: "ಮನ್ಯಾಗ ನಮ್ಮಾಕಿ ಭಾಳ ನಗೋ ಮನಿಷಾ. ಬಾಜೂ ಮನಿಯವರ ಜೋಡಿ ಕೂತಾಗ ಓಣಿ ತುದೀತನಕ ಕೇಳಸ್ತದ. ನಾ ಗೇಟು ತಗದ ಕೂಡ್ಲೆ ನಿಂತುಬಿಡ್ತದ. ನಾ ಬ್ಯಾಡ ಅಂದಿಲ್ಲ. ಎಂದೂ ಅಂದಿಲ್ಲ."

ಇಷ್ಟು ಹೇಳಿ ಕೊಡೆ ಹಿಡಿದು ಹೊರಟುಹೋದರು.

ಇದಾಗಿ ಕೆಲವು ವಾರಗಳಿಗೆ ದೇವನಕೊಂಡದ ಕಡೆಯ ಒಂದು ಹಳ್ಳಿಯಲ್ಲಿ ಕುರಿಗಳ ಕಿವಿಗೆ ನಂಬರಿನ ಬಿಲ್ಲೆ ಹಾಕುವ ಕ್ಯಾಂಪ್ ಬಂತು. ಮೇಲ್ವಿಚಾರಣೆಗೆ ಸೂಪರಿಂಟೆಂಡೆಂಟರು ಬಂದರು, ಜೊತೆಗೆ ನಾನು. ಆಗ ಹಾಜರಿಯೂ ಮೊಬೈಲಿಗೆ ಬಂದಿತ್ತು. ಎಲ್ಲಿದ್ದೇವೋ ಅಲ್ಲಿಂದ ಆ್ಯಪಿಗೆ ಮುಖ ತೋರಿಸಬೇಕು. ಅದು ಮೊದಲು ತೆಗೆದಿಟ್ಟ ಫೋಟೋದ ಜೊತೆ ಹೋಲಿಸಿ ನೋಡಿ, ಕಣ್ಣು ಮಿಟುಕಿಸಲು ಹೇಳಿ, ಆಮೇಲೆ ಹಾಜರಿ ಹಾಕುತ್ತದೆ. ಹಳ್ಳಿಯಲ್ಲಿ ನೆಟ್‌ವರ್ಕ್ ಇದ್ದದ್ದು ಕುರಿಹಟ್ಟಿಯ ಪಕ್ಕದ ದಿಬ್ಬದ ಮೇಲೆ ಮಾತ್ರ. ಅಲ್ಲಿ ನಿಂತು ಸೂಪರಿಂಟೆಂಡೆಂಟರು ಮೊಬೈಲನ್ನು ಮುಖದ ಮುಂದೆ ಹಿಡಿದರು. ಆ್ಯಪು ಒಪ್ಪಲಿಲ್ಲ. ಮತ್ತೆ ಹಿಡಿದರು. ಮತ್ತೆ ಒಪ್ಪಲಿಲ್ಲ.

ನಾನು ಹತ್ತಿರ ಹೋಗಿ ನೋಡಿದೆ. ಅಭ್ಯಾಸದ ಬಲದಿಂದ ಅವರು ಹಲ್ಲು ಕಾಣುವಂತೆ ತುಟಿ ಅಗಲಿಸಿಕೊಂಡು ನಿಂತಿದ್ದರು. "ಸಾರ್, ನಗಬ್ಯಾಡ್ರಿ. ಹಳೇ ಫೋಟೋದಾಗ ನಕ್ಕಿಲ್ಲಲ್ರಿ ನೀವು, ಅದಕ ಗುರುತು ಸಿಗವಲ್ದು. ಮೊದಲಿನಂಗ ಇರ್ರಿ."

"ಮೊದಲಿನಂಗ ಇರೋದು ಸುಲಭ" ಎಂದು ಅವರು ಮುಖವನ್ನು ತನ್ನ ಸ್ಥಾನಕ್ಕೆ ತಂದರು. ನಾನು ನಾಲ್ಕು ಹೆಜ್ಜೆ ಆಚೆ ಹೋಗಿ ಹಟ್ಟಿಯ ಒಡತಿ ಮುದುಕಿಯ ಜೊತೆ ಮಾತಾಡತೊಡಗಿದೆ. ಅಷ್ಟರಲ್ಲಿ ಹಟ್ಟಿಯೊಳಗಿಂದ ಒಂದು ದೊಡ್ಡ ಟಗರು, ಬಾಗಿದ ಕೊಂಬಿನದು, ದಿಬ್ಬ ಹತ್ತಿ ಬಂತು. ಸೂಪರಿಂಟೆಂಡೆಂಟರ ಕೈಯಲ್ಲಿದ್ದದ್ದು ತಿನ್ನುವ ವಸ್ತುವಿರಬೇಕೆಂದು ಅವರ ಮೊಣಕೈ ಕೆಳಗಿಂದ ತಲೆ ತೂರಿಸಿ, ಅವರಿಗೂ ಮೊಬೈಲಿಗೂ ನಡುವೆ ಮುಖವಿಟ್ಟು ನಿಂತಿತು. ಠಣ್ ಎಂದು ಆ್ಯಪಿನ ಸದ್ದು ಕೇಳಿಸಿತು.

ಆಮೇಲೆ ಇನ್ನೊಂದು ಸದ್ದು ಬಂತು. ಎಣ್ಣೆ ಕಾಣದ ರಾಟೆಯಂಥ ಸಣ್ಣ ಕೀರಲು ದನಿ. ಟಗರಿನದು ಅಂದುಕೊಂಡು ತಿರುಗಿ ನೋಡಿದೆ. ಸೂಪರಿಂಟೆಂಡೆಂಟರು ಹೊಟ್ಟೆ ಹಿಡಿದುಕೊಂಡು ಬಾಗಿದ್ದರು. ಬಿ.ಪಿ. ಏರಿತು ಅಂದುಕೊಂಡೆ. ಓಡಿದೆ. ಅವರು ಮಣ್ಣಿನ ಮೇಲೇ ಕೂತುಬಿಟ್ಟಿದ್ದರು. ಬಿಳಿ ಅಂಗಿಯ ಪರಿವೆಯಿಲ್ಲ. ಕಣ್ಣಿಂದ ನೀರು ಹರಿಯುತ್ತಿತ್ತು. "ಸಾರ್, ಏನಾತ್ರಿ? ಸಾರ್!" ಅಂದರೆ ಬಾಯಿಂದ ಮಾತಿಲ್ಲ, ಅದೇ ಕೀರಲು. ಸುಮ್ಮನೆ ಮೊಬೈಲನ್ನು ನನ್ನ ಕಡೆ ಚಾಚಿದರು.

ಪರದೆಯ ತುಂಬ ಟಗರಿನ ಮುಖ. ಹಿಂದೆ ಮೂಲೆಯಲ್ಲಿ ಇವರ ಒಂದು ಕಿವಿ, ಅರ್ಧ ಕನ್ನಡಕ. ಕೆಳಗೆ ಅವರ ಹೆಸರು, ಹುದ್ದೆ ಸೂಪರಿಂಟೆಂಡೆಂಟ್, ಪಕ್ಕದಲ್ಲಿ ಹಸಿರು ಗುರುತು: ಹಾಜರಿ ಸ್ವೀಕರಿಸಲಾಗಿದೆ. ಟಗರು ನಿಜಕ್ಕೂ ಅವರ ಹಾಗೆಯೇ ಗಂಭೀರವಾಗಿ ನೋಡುತ್ತಿತ್ತು.

ಅವರಿಗೆ ಅರ್ಥವಾದ ಎಷ್ಟೋ ಹೊತ್ತಿನ ಮೇಲೆ ನನಗೆ ಅರ್ಥವಾಯಿತು. ಆಮೇಲೆ ಮುದುಕಿಗೆ ತೋರಿಸಿ ಬಿಡಿಸಿ ಹೇಳಿದೆ. ಆಕೆ ಸೆರಗು ಬಾಯಿಗೆ ಹಚ್ಚಿ, "ಯವ್ವಾ, ನಮ್ಮ ಟಗರಿಗೆ ಸರ್ಕಾರಿ ನೌಕರಿ ಆತಲ್ಲೋ!" ಅಂದಳು. ಅಷ್ಟು ಸಾಕಾಯಿತು, ಆಗತಾನೇ ಸುಧಾರಿಸಿಕೊಳ್ಳುತ್ತಿದ್ದ ಸೂಪರಿಂಟೆಂಡೆಂಟರು ಮತ್ತೆ ನೆಲ ಹಿಡಿದರು. ಕುರಿ ಹಿಡಿಯಲು ಬಂದ ಜನರೆಲ್ಲ ಸುತ್ತ ನಿಂತು ನಕ್ಕರು. ಸೂಪರಿಂಟೆಂಡೆಂಟರ ನಗೆಯಲ್ಲಿ ಸಿಂಹವೂ ಇರಲಿಲ್ಲ, ಹೊಟ್ಟೆಯೂ ಇರಲಿಲ್ಲ. ಇಷ್ಟು ದೊಡ್ಡ ಮನುಷ್ಯನಿಗೆ ಇಷ್ಟು ಸಣ್ಣ ನಗು ಇದ್ದೀತೆಂದು ನಾನು ಅಂದುಕೊಂಡಿರಲಿಲ್ಲ.

ಸಂಜೆ ಷೇರ್ ಆಟೋದಲ್ಲಿ ಆದೋನಿಗೆ ಹಿಂದಿರುಗುವಾಗ ಮುಖ ಮತ್ತೆ ಬಾಗಿಲು ಹಾಕಿತ್ತು. "ಇವತ್ತಿನ ಹಾಜರಿ ಸುಳ್ಳಾತಪಾ. ನಾಳೆ ಮೇಡಂಗೆ ಹೇಳಿ ನಂದೊಂದು ರಜಾ ಹಾಕಬೇಕು" ಅಂದರು. ನಾನು, "ಬ್ಯಾಡ್ರಿ ಸಾರ್, ಕೆಲಸ ಮಾಡೀರಲ್ರಿ" ಅಂದೆ. "ನಾ ಮಾಡಿದ್ದು ಖರೆ. ಹಾಜರಾದವನು..." ಎಂದು ಮುಂದೆ ಹೇಳಲಾಗದೆ ಕರವಸ್ತ್ರ ಬಾಯಿಗೆ ಒತ್ತಿಕೊಂಡರು. ಎದುರು ಕೂತ ಹೆಂಗಸು ತನ್ನ ಮಗುವನ್ನು ಮಡಿಲಿಗೆ ಎಳೆದುಕೊಂಡಳು.

ಅವರ ಮನೆಯ ತಿರುವಿನಲ್ಲಿ ಇಳಿದು, ಬಗ್ಗಿ ನನಗೆ ಹೇಳಿದರು: "ಮನೀಗೆ ಫೋನ್ ಮಾಡಿ ನೀ ಏನೂ ಹೇಳಬ್ಯಾಡ. ನಾನಾ ಹೇಳ್ತೀನಿ."

ಮರುದಿನ ಬೆಳಿಗ್ಗೆ ಕಚೇರಿಗೆ ಹೊರಡುವ ಹೊತ್ತಿಗೆ ನನ್ನ ಮೊಬೈಲು ರಿಂಗಾಯಿತು. ಸೂಪರಿಂಟೆಂಡೆಂಟರ ಮನೆಯ ಅಮ್ಮಾವರು. ಆ ದನಿಯನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ಏನಪಾ, ನಿನ್ನೆ ಇವರ ಜೋಡಿ ನೀನೂ ಹೋಗಿದ್ದೆಂತಲ್ಲ?"

"ಹೌದ್ರಿ ಅಮ್ಮಾರ. ಯಾಕ್ರಿ, ಸಾರ್ ಆರಾಮ ಅದಾರಲ್ರಿ?"

"ಆರಾಮ ಅಂದ್ರ ಆರಾಮ ಇದ್ದಾರಪಾ. ನಿನ್ನೆ ಬಂದವರಾ 'ಒಂದು ಕುರಿ ಬಂತು' ಅಂದ್ರು. ಅಷ್ಟಾ. ಮುಂದ ಹೇಳ್ಲಿಕ್ಕೇ ಆಗವಲ್ದು ಅವರಿಗೆ. ಅವರು ನಗೋದು ನೋಡಿ ನಾನೂ ನಕ್ಕೆ. ಊಟಕ್ಕ ಕೂತಾಗ ಮತ್ತ ಶುರು ಮಾಡಿದ್ರು, ಮತ್ತ ಕುರಿ ಬಂತು ಅನ್ನೋದ್ರಾಗಾ ನಿಂತ್ರು. ಇವತ್ತ ಮುಂಜಾನಿ ಸ್ನಾನ ಮಾಡ್ಕೋತ ಒಳಗ ಒಬ್ಬರಾ ನಗ್ಲಿಕ್ಕೆ ಹತ್ಯಾರ." ಅಮ್ಮಾವರು ತಾವೂ ನಗತೊಡಗಿದರು, ಓಣಿಯ ತುದಿಯವರೆಗೆ ಕೇಳಿಸುವ ನಗು. ಹಿಂದೆ ಎಲ್ಲೋ ನೀರು ಸುರಿಯುವ ಸದ್ದು, ಅದರ ನಡುವೆ ಆ ಸಣ್ಣ ಕೀರಲು ದನಿ. ಅಮ್ಮಾವರು ಉಸಿರು ತೆಗೆದುಕೊಂಡು ಕೇಳಿದರು: "ಅಲ್ಲಪಾ, ನೀನರ ಹೇಳು. ಕುರಿ ಬಂದು ಏನು ಮಾಡ್ತು?"